ಬಣ್ಣ ಹೇಳಿಕೊಟ್ಟ ಎರಡು ದಿನ

ಮೊನ್ನೆ ನಾಗಸಂದ್ರದ ಸಿಗ್ನಲ್ಲಿನಲ್ಲಿ ಮುಂದೆ ನಿಂತಿದ್ದ ಟೆಂಪೋದಿಂದ ವೈರ್ ಸುಟ್ಟ ವಾಸನೆ ಬಂತು. ಗಂಟಲಲ್ಲೇ ಉಳಿದುಬಿಡುವ ವಾಸನೆ. ಸಿಗ್ನಲ್ ಬಿಟ್ಟಿದ್ದೂ ತಿಳಿಯಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. ನನಗೆ ಹಿಂದೆ ನನ್ನ ಗಾಡಿಯ ವೈರಿಂಗ್ ಮಾಡಿಕೊಟ್ಟಿದ್ದ ಮೇಸ್ತ್ರಿ ನೆನಪಾಗಿದ್ದರು...

ಆಗ ನಾನು ಹಳೆಯದೊಂದು ವ್ಯಾನಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದೆ. ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿ ಬರುವಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಎದ್ದಿತು. ಪೀಣ್ಯದ ಒಳರಸ್ತೆಯಲ್ಲಿದ್ದ ಮೇಸ್ತ್ರಿಯ ತಗಡಿನ ಶೆಡ್ಡಿಗೆ ಗಾಡಿ ತಳ್ಳಿಸಿಕೊಂಡು ಹೋದೆ. ವಿಜಯಪುರದ ಕಡೆಯವರು, ಅರವತ್ತು ದಾಟಿದವರು. ಗಾಡಿಗಳ ವೈರಿಂಗ್ ಕೆಲಸವೊಂದನ್ನೇ ಮಾಡುತ್ತಿದ್ದರು.

ಅವರು ಒಳಗೆ ಕೈಹಾಕಿ ವೈರಿನ ಗೊಂಚಲು ಎಳೆದರು. ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ಕು ಬೆರಳು ತಾಕಿದಲ್ಲೆಲ್ಲ ಉದುರುತ್ತಿತ್ತು.

"ಟೇಪ್ ಸುತ್ತಿ ಕೊಟ್ಬಿಡಿ ಮೇಸ್ತ್ರಿ, ಬೆಳಿಗ್ಗೆ ಟ್ರಿಪ್ ಇದೆ," ಎಂದೆ.

"ಮಕ್ಕಳು ಕೂಡೋ ಗಾಡಿ ಐತಿ ತಂಗಿ. ಎಲ್ಲಾ ತಗದು ಹೊಸಾದು ಹಾಕ್ಬೇಕು. ಎರಡು ದಿನ ಬೇಕು," ಎಂದು ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಂಡರು.

ಮರುದಿನ ಬೆಳಿಗ್ಗೆಯಿಂದಲೇ ಪೋಷಕರ ಫೋನು, ಬೈಗುಳ. ಕೆಲಸ ಬೇಗ ಮುಗಿಯಲೆಂದು ಶೆಡ್ಡಿನಲ್ಲೇ ಕಾದು ಕುಳಿತೆ. ಮೇಸ್ತ್ರಿ ಎರಡು ವೈರುಗಳನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಒಂದನ್ನು ನನ್ನ ಕಡೆ ಚಾಚಿದರು.

"ಇದು ಕೆಂಪೈತೋ, ಕಂದೈತೋ... ನೋಡಿ ಹೇಳು ತಂಗಿ."

ಹೇಳಿದೆ. ಇನ್ನೊಂದನ್ನು ಚಾಚಿದರು. ಅವರ ಕಣ್ಣಲ್ಲಿ ಪೊರೆ ಬಂದಿತ್ತು.

"ಯಾರಿಗೂ ಹೇಳಬ್ಯಾಡ. ದೀಪಾವಳಿ ಆದಮ್ಯಾಲೆ ಆಪರೇಶನ್ ಮಾಡಿಸ್ಕೋತೀನಿ."

"ಇಲ್ಲ ಮೇಸ್ತ್ರಿ, ಹೇಳಲ್ಲ," ಎಂದೆ.

ಎರಡು ದಿನವೂ ಪಕ್ಕದಲ್ಲಿ ಕುಳಿತು ಬಣ್ಣ ಹೇಳಿದೆ. ನನ್ನ ಮಾತೊಂದನ್ನೇ ನಂಬದೆ ಅವರು ಪ್ರತಿ ವೈರನ್ನೂ ಟೆಸ್ಟ್ ಲ್ಯಾಂಪಿನಲ್ಲಿ ನೋಡಿದರು, ಪ್ರತಿ ಕನೆಕ್ಟರನ್ನೂ ಎಳೆದು ನೋಡಿದರು. ಆ ವ್ಯಾನ್ ಗುಜರಿಗೆ ಹೋಗುವವರೆಗೂ ಆ ವೈರಿಂಗನ್ನು ಮತ್ತೆ ಬಿಚ್ಚಬೇಕಾಗಲಿಲ್ಲ.

ಮಾತು ಉಳಿಸಿಕೊಳ್ಳದವಳು ನಾನು. ಶಾಲೆಯ ಗೇಟಿನ ಬಳಿ ಬೇರೆ ಡ್ರೈವರುಗಳು ರಜಾ ಯಾಕೆ ಹಾಕಿದ್ದೆಂದು ಕೇಳಿದರು. ದಣಿದಿದ್ದೆ, ಸಿಟ್ಟೂ ಇತ್ತು. "ಆಯಪ್ಪಂಗೆ ಬಣ್ಣಾನೇ ಕಾಣ್ಸಲ್ಲ ಕಣ್ರೀ, ನಾನೇ ಹೇಳ್ಕೊಡ್ಬೇಕಾಯ್ತು," ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದೆರಡು ತಿಂಗಳ ಮೇಲೆ ಹಾರ್ನ್ ಸರಿಮಾಡಿಸಲು ಹೋದರೆ ಶೆಡ್ಡಿನ ಮುಂದೆ ಒಂದು ಗಾಡಿಯೂ ಇರಲಿಲ್ಲ. ಮೇಸ್ತ್ರಿ ಹಾರ್ನ್ ಸರಿಮಾಡಿ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು, "ಕಣ್ಣಿಂದು ನೀ ಏನರ ಯಾರಿಗಾದ್ರೂ ಹೇಳಿದ್ಯೇನು?"

"ಇಲ್ವಲ್ಲ..." ಎಂದೆ.

ಅವರು ತಲೆ ತಗ್ಗಿಸಿದರು. "ತಪ್ಪು ತಿಳೀಬ್ಯಾಡ ತಂಗಿ. ಸುಮ್ನ ನಿನ್ನ ಮ್ಯಾಲೆ ಅನುಮಾನ ಪಟ್ಟೆ."

ದೀಪಾವಳಿಗೆ ಊರಿಗೆ ಹೋದವರು ಮರಳಲಿಲ್ಲ. ಆಪರೇಶನ್ ಆಯಿತೋ ಇಲ್ಲವೋ... ಯಾರನ್ನೂ ಕೇಳಲು ನನಗೆ ಮುಖವಿರಲಿಲ್ಲ. ಈಗ ಆ ಶೆಡ್ಡಿನ ಜಾಗದಲ್ಲಿ ಯಾವುದೋ ಗೋಡೌನು ಬಂದಿದೆ. ನಾನು ಇವತ್ತಿಗೂ ದಿನಕ್ಕೆ ನಾಲ್ಕು ಸಲ ಅದೇ ರಸ್ತೆಯಲ್ಲಿ ಮಕ್ಕಳನ್ನು ಕರೆದೊಯ್ಯುತ್ತೇನೆ. ಅವರು ಮತ್ತೆ ಸಿಕ್ಕರೆ ನಿಜ ಹೇಳಬೇಕೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಇಷ್ಟು ವರ್ಷವಾದ ಮೇಲೆ ಅವರಿನ್ನು ಸಿಗುವುದಿಲ್ಲ.