ಎಡಬಾಗಿಲು ತೆಗೆಯುವ ಡ್ರೈವರು

ಪರದೇಶದಲ್ಲಿ ವರ್ಷಗಟ್ಟಲೆ ಯಜಮಾನರ ಕಾರು ಓಡಿಸಿ ಮರಳಿದ ಡ್ರೈವರನಿಗೆ ಊರಿನ ಯಾವುದೂ ಹಿಡಿಸುವುದಿಲ್ಲ. “ಅಲ್ಲಿ ಹಾರ್ನ್ ಹೊಡೆಯೋದೂ ಒಂದೇ, ಕಪಾಳಕ್ಕೆ ಹೊಡೆಯೋದೂ ಒಂದೇ,” ಎಂದು ಸಿಕ್ಕಸಿಕ್ಕವರ ತಲೆ ತಿನ್ನುತ್ತಾನೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಲ್ಲಾಗಿ ನಿಲ್ಲುತ್ತಾನೆ. ಅಲ್ಲಿ ಸ್ಟೀರಿಂಗು ಎಡಕ್ಕೆ, ಇಲ್ಲಿ ಬಲಕ್ಕೆ. ಹಾಗಾಗಿ ದಿನಾ ಬೆಳಿಗ್ಗೆ ಠೀವಿಯಿಂದ ಮನೆಯ ಕಾರಿನ ಎಡಬಾಗಿಲು ತೆಗೆದು ಕೂರುತ್ತಾನೆ, ಸ್ಟೀರಿಂಗು ಕಾಣದೆ ಡ್ಯಾಶ್‌ಬೋರ್ಡಿನಲ್ಲಿ ಏನೋ ಹುಡುಕುವವನಂತೆ ನಟಿಸುತ್ತಾನೆ. ಅವನಿಲ್ಲದಾಗ ಗಾಡಿ ಕಲಿತ ಹೆಂಡತಿ ನಿನ್ನೆ, “ಹುಡುಕಿದ್ದು ಸಾಕು, ಅಲ್ಲೇ ಕೂತ್ಕೊಳ್ಳಿ,” ಎಂದು ತಾನೇ ಓಡಿಸಿದಳು. ಮೊದಲ ತಿರುವಿಗೆ “ಇಂಡಿಕೇಟರ್ ಹಾಕೇ!” ಎಂದು ಕೂಗಿದ. ಎರಡನೆಯ ತಿರುವು ಬರುವಷ್ಟರಲ್ಲಿ, ಅಷ್ಟು ವರ್ಷ ಹಿಂದಿನ ಸೀಟಿನ ಗೊರಕೆ ಕೇಳುತ್ತಾ ಓಡಿಸಿದವನು, ತಾನೇ ಗೊರಕೆ ಹೊಡೆಯುತ್ತಿದ್ದ.