ಕೆಂಪು ಗೆರೆ ಎಳೆಯದ ಹೆಸರು

ನಮ್ಮ ಇತಿಹಾಸದ ಸರ್ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಹಾಜರಿ ಪುಸ್ತಕದ ಮೇಲೆ ಜಾರಿಸುತ್ತ ಒಂದೊಂದೇ ಹೆಸರು ಕೂಗುತ್ತಿದ್ದರು. ಈಜಿಪ್ಟಿನ ಗೋರಿ ಅಗೆಯಲು ಹೋಗಿ ಉಗುರು ಕಳೆದುಕೊಂಡವರೆಂದು ನಾವು ಹುಡುಗಿಯರು ನಂಬಿದ್ದೆವು. ಬಸ್ಸಿನ ಬಾಗಿಲಿಗೆ ಸಿಕ್ಕಿ ಹೋದದ್ದೆಂದು ಆಮೇಲೆ ಗೊತ್ತಾದಾಗ ನನಗೆ ಬಹಳ ಬೇಜಾರಾಯಿತು.

ಅವರಿಗೆ ಕಲಬುರಗಿಯ ಶಹಾಬಜಾರದಲ್ಲಿ ಬಾಡಿಗೆಗೆ ಒಂದು ಕೋಣೆ, ಅಲ್ಲಿಂದ ದಿನಾ ನಮ್ಮ ಕಮಲಾಪುರದ ಶಾಲೆಗೆ ಬಸ್ಸು. ಹೆಂಡತಿ ಮಕ್ಕಳಿಲ್ಲ. ಉಳಿದ ಮಾಸ್ತರರು ಒಟ್ಟಿಗೆ ಬುತ್ತಿ ಬಿಚ್ಚುವಾಗ ಇವರೊಬ್ಬರೇ ಖಾಲಿ ತರಗತಿಯಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದು, ಹಲಗೆಯ ಮೇಲೆ ಈಜಿಪ್ಟಿನ ರಾಜರಾದ ಫರೋಗಳ ಹೆಸರು ಸಾಲಾಗಿ ಬರೆದಿಡುತ್ತಿದ್ದರು. ಪುಸ್ತಕದಲ್ಲಿ ಒಂದೂವರೆ ಪುಟವಿದ್ದ ಈಜಿಪ್ಟು ಇವರ ಬಾಯಲ್ಲಿ ತಿಂಗಳಾದರೂ ಮುಗಿಯುತ್ತಿರಲಿಲ್ಲ. ಬೆನ್ನ ಹಿಂದೆ ಊರವರೆಲ್ಲ ಇವರಿಗೆ ‘ಈಜಿಪ್ಟಿನ ಅಳಿಯ’ ಎನ್ನುತ್ತಿದ್ದರು.

ಎಂಟನೇ ತರಗತಿಯಲ್ಲಿ ಹಟ್‌ಶೆಪ್ಸುಟ್ ಎಂಬ ರಾಣಿಯ ಪಾಠ ಮಾಡಿದರು. ಗಂಡಸರಂತೆ ಸುಳ್ಳು ಗಡ್ಡ ಕಟ್ಟಿಕೊಂಡು ಫರೋ ಆಗಿ ಆಳಿದವಳು ಎಂದಾಗ ನಾವು ಕಿಸಕ್ಕನೆ ನಕ್ಕೆವು. ಅವಳು ಸತ್ತ ಮೇಲೆ ಕಲ್ಲಿನ ಮೇಲಿದ್ದ ಅವಳ ಹೆಸರನ್ನು ಉಳಿ ಹಿಡಿದು ಕೆತ್ತಿ ಅಳಿಸಿದರಂತೆ. ಸರ್ ಹಲಗೆಯ ಮೇಲಿನ ಆ ಹೆಸರನ್ನು ಬೆರಳಿನಿಂದ ಒರೆಸಿ, ಮತ್ತೆ ಬರೆದರು.

“ಹೆಸರು ಅಳಿಸಿದ್ರ ಪೂರಾ ಸತ್ತಂಗ ಅಂತ ಅವ್ರ ನಂಬಿಕಿ ಇತ್ತು. ಕರಿಯೋರು ಇರೋತನಕ ಮನುಷ್ಯಾ ಇರ್ತಾನ.”

ಆ ಚಳಿಗಾಲದಲ್ಲಿ ಮಹಾಗಾಂವದ ಚಿಕ್ಕವ್ವ ಹಡೆದಳು. ಹದಿನೈದು ದಿನ ಕೂಸು ನೋಡಿಕೊಳ್ಳಲೆಂದು ಅಪ್ಪ ನನ್ನನ್ನು ಬಿಟ್ಟುಬಂದ. ತೊಗರಿ ರಾಶಿ ಮುಗಿದರೂ ಯಾರೂ ಕರೆಯಲು ಬರಲಿಲ್ಲ. ತೊಟ್ಟಿಲು ತೂಗುತ್ತ, ನನ್ನ ಶಾಲೆ ಮುಗಿಯಿತೆಂದೇ ತಿಳಿದುಕೊಂಡೆ.

ಒಂದು ದಿನ ಚಿಕ್ಕವ್ವನ ಜೊತೆ ಕಮಲಾಪುರದ ಸಂತೆಗೆ ಬಂದಾಗ ತರಗತಿಯ ಗೆಳತಿ ಸಿಕ್ಕಳು. ಶಾಲೆ ಬಿಟ್ಟಳೆಂದು ನನ್ನ ಹೆಸರಿಗೆ ಕೆಂಪು ಗೆರೆ ಎಳೆಯಿರಿ ಎಂದು ಹೆಡ್‌ಮಾಸ್ತರರು ಎರಡು ಸಲ ಹೇಳಿದರೂ ಸರ್ ಎಳೆಯಲಿಲ್ಲವಂತೆ.

“ದಿನಾ ನಿನ್ನ ಹೆಸರು ಕರೀತಾರ. ಜರಾ ಹೊತ್ತು ಕಾಯ್ತಾರ. ಆಮ್ಯಾಲ ಮುಂದಿಂದು,” ಎಂದಳು.

ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ನಿಂತು ಅತ್ತುಬಿಟ್ಟೆ. ಸಂತೆಯಿಂದ ಸೀದಾ ನಮ್ಮ ಮನೆಗೆ ಹೋಗಿ, ಎರಡು ದಿನ ಊಟ ಬಿಟ್ಟು ಅಪ್ಪನನ್ನು ಒಪ್ಪಿಸಿದೆ.

ಸೋಮವಾರ ಆ ಬೆರಳು ನನ್ನ ಹೆಸರಿಗೆ ಬಂದು ನಿಂತಿತು.

“ಹಾಜರ್ ರೀ ಸರ್,” ಎಂದೆ.

ಅವರು ತಲೆ ಎತ್ತಲಿಲ್ಲ. “ಕುಂದ್ರವಾ,” ಎಂದರು. ಆ ಬೆರಳು ನನ್ನ ಹೆಸರನ್ನು ಮತ್ತೊಮ್ಮೆ ಸವರಿ ಮುಂದಿನದಕ್ಕೆ ಜಾರಿತು.

ಈಗ ನಾನು ಕಲಬುರಗಿಯಲ್ಲಿದ್ದು, ಅವರು ಹೋಗುತ್ತಿದ್ದ ದಾರಿಯಲ್ಲೇ ಕಮಲಾಪುರದ ಕಚೇರಿಗೆ ಹೋಗಿಬರುತ್ತೇನೆ. ಹೋದ ವರ್ಷ ಸರ್ ತೀರಿಕೊಂಡರೆಂದು ಕೇಳಿ ಶಹಾಬಜಾರಕ್ಕೆ ಓಡಿದೆ. ನಾಲ್ಕೇ ಜನ ಇದ್ದರು. ಮರಣ ನೋಂದಣಿಯ ಅರ್ಜಿ ಬರೆಯುತ್ತಿದ್ದ ನೆರೆಮನೆಯವರು ನನ್ನತ್ತ ನೋಡಿ, “ಸರ್ ಅವ್ರ ಪೂರಾ ಹೆಸರು ಏನ್ರೀ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಫರೋಗಳ ಹೆಸರು ಸಾಲಾಗಿ ನೆನಪಾದವು, ಸರ್ ಅವರದು ‘ಈಜಿಪ್ಟಿನ ಅಳಿಯ’ ಎಂಬ ಅಡ್ಡಹೆಸರಷ್ಟೇ ಗೊತ್ತಿತ್ತು. ಊರಿಗೆಲ್ಲ ಅದೇ ಸಾಕಾಗಿತ್ತು. ನಾಚಿಕೆಯಿಂದ ಕೋಣೆಯೆಲ್ಲ ಹುಡುಕಿದೆ. ಕೊನೆಗೆ ಟ್ರಂಕಿನಲ್ಲಿ ಪಿಂಚಣಿ ಪುಸ್ತಕ ಸಿಕ್ಕಿತು. ಅದರಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿ ಬರೆಸಿದೆ.

ಈಗ ದಿನಾ ಬೆಳಿಗ್ಗೆ ಬಸ್ಸು ಊರು ದಾಟುವಾಗ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಕರೆಯುತ್ತೇನೆ. ಜರಾ ಹೊತ್ತು ಕಾಯುತ್ತೇನೆ. ಹಾಜರ್ ಎನ್ನುವವರು ಯಾರೂ ಇಲ್ಲ.