ದರ್ಜಿ ಓದಿ ಹೇಳಿದ ಧಾರಾವಾಹಿ

ದರ್ಜಿಯ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯ ಮಾತೇ ಬರುತ್ತದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರಿಗೂ ಕುರ್ಚಿ ಹಾಕುತ್ತಾನೆ, ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಾನೆ, ಯಾರ ಮೇಲೂ ದನಿ ಎತ್ತಿದವನಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನನ್ನ ಹೆಂಡತಿಯಂತೂ ನನ್ನನ್ನು ಬೈಯುವಾಗಲೆಲ್ಲ ಅವನನ್ನೇ ಎಳೆದು ತರುತ್ತಾಳೆ. "ಅವರನ್ನ ನೋಡಿ ಸ್ವಲ್ಪ ಕಲೀರಿ" ಅನ್ನುತ್ತಾಳೆ. ನೋಡಿ ಕಲಿಯಲು ನನಗೆ ಕಣ್ಣಿಲ್ಲ ಎನ್ನುವುದು ಕೋಪದಲ್ಲಿ ಅವಳಿಗೆ ನೆನಪಿರುವುದಿಲ್ಲ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುವುದು, ಇಲ್ಲವೆನ್ನುವುದಿಲ್ಲ. ಆದರೆ ಆ ಒಳ್ಳೆಯ ಮನುಷ್ಯ ನನಗೆ ಮಾಡಿದಷ್ಟು ದೊಡ್ಡ ದ್ರೋಹವನ್ನು ಯಾವ ಕೆಟ್ಟ ಮನುಷ್ಯನೂ ಮಾಡಿಲ್ಲ.

ನನ್ನದು ಟಿವಿ ರಿಪೇರಿ ಅಂಗಡಿ. ಅವನದು ಪಕ್ಕದ್ದು. ನಡುವೆ ಬರೀ ಹಲಗೆಯ ಗೋಡೆ, ಹಾಗಾಗಿ ಅವನ ಹೊಲಿಗೆ ಮಿಷನ್ನಿನ ಸದ್ದು ನನಗೆ, ನನ್ನ ಬೈಗುಳ ಅವನಿಗೆ ದಿನವಿಡೀ ಕೇಳುತ್ತದೆ. ಅಪ್ಪನಿಂದ ಕಲಿತ ಕಸುಬು ಅವನದು. ಸಿದ್ಧ ಉಡುಪು ಬಂದ ಮೇಲೆ ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದರು, ಜಿಪ್ಪು ಹಾಕುವುದು, ಸೊಂಟ ಬಿಗಿ ಮಾಡುವುದು, ಇಷ್ಟರಲ್ಲೇ ಬದುಕಿದ. ಮದುವೆಯಾಗಲಿಲ್ಲ. ಅಕ್ಕನ ಜೊತೆ ಇದ್ದಾನೆ. ಅಕ್ಕ ಬೈದರೆ ತಲೆ ತಗ್ಗಿಸಿ ಕೇಳುತ್ತಾನೆ, ಆಮೇಲೆ ತನಗೆ ಬೇಕಾದ್ದನ್ನೇ ಮಾಡುತ್ತಾನೆ. ಅದು ಮಾತ್ರ ಮೊದಲೇ ನನ್ನ ಗಮನಕ್ಕೆ ಬರಬೇಕಿತ್ತು.

ನಮ್ಮಿಬ್ಬರನ್ನು ಗೆಳೆಯರನ್ನಾಗಿ ಮಾಡಿದ್ದು ಒಂದು ಧಾರಾವಾಹಿ. ಆಕಾಶದಲ್ಲಿ ಅಲೆಯುವ ಒಂದು ಹಡಗು, ಅದರೊಳಗೆ ಊರು ಕಳೆದುಕೊಂಡ ಜನ. ಅದು ಬೇರೆ ದೇಶದ್ದು. ಆ ಭಾಷೆ ನಮ್ಮಿಬ್ಬರಿಗೂ ಒಂದಕ್ಷರ ಬಾರದು. ಪರದೆಯ ಕೆಳಗೆ ನಮ್ಮ ಭಾಷೆಯಲ್ಲಿ ಬರುವ ಸಾಲುಗಳನ್ನು ಓದಿಕೊಂಡೇ ನೋಡುತ್ತಿದ್ದೆವು. ಮಧ್ಯಾಹ್ನ ಅರ್ಧ ಷಟರ್ ಎಳೆದು, ರಿಪೇರಿಗೆ ಬಂದ ಯಾವುದೋ ಟಿವಿಯಲ್ಲಿ ಹಾಕಿ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆವು. ಮುಗಿದ ಮೇಲೆ ಜಗಳ. ಕ್ಯಾಪ್ಟನ್ ಮಾಡಿದ್ದು ಸರಿಯೋ ತಪ್ಪೋ, ಡಾಕ್ಟರ್ ಗೂಢಚಾರನೋ ಅಲ್ಲವೋ. ಅವನು ಡಾಕ್ಟರ್ ಪಕ್ಷ. ನಾನು ಮೊದಲಿನಿಂದಲೂ ಮೆಕ್ಯಾನಿಕ್ ಪಕ್ಷ. ಐವತ್ತು ದಾಟಿದ ಹೆಂಗಸು ಆಕೆ, ಕೈಯೆಲ್ಲ ಗ್ರೀಸು, ಬಾಯಿ ಬಿಟ್ಟರೆ ಬೈಗುಳ, ಇಂಜಿನ್ನಿನ ಮುಂದೆ ಮಾತ್ರ ಮೆತ್ತಗೆ. ನಾನೇ ಸೀರೆ ಉಟ್ಟಂತೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಇಂಥ ಹುಚ್ಚರು ನಾವಿಬ್ಬರೇ ಅಲ್ಲ. ಹಡಗಿನವರು ತೊಡುವ ಬೂದು ಕೋಟು, ಕಾಲರಿಗೆ ತಾಮ್ರದ ಬಣ್ಣದ ನೂಲು, ಅದನ್ನು ಹೊಲಿಸಿಕೊಳ್ಳಲು ದರ್ಜಿಯ ಬಳಿ ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಅವರದೊಂದು ಅಭಿಮಾನಿ ಬಳಗವಿತ್ತು. ಭಾನುವಾರ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಸೇರಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರಂತೆ. ದರ್ಜಿ ಹೋಗಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದ.

ಅಷ್ಟರಲ್ಲಿ ನನ್ನ ಕಣ್ಣು ಹೋಯಿತು. ಕಣ್ಣೊಳಗಿನ ಒತ್ತಡ ಎಂದರು, ಹನಿ ಹಾಕಿದರು, ಕೊಯ್ದರು, ಕೊನೆಗೆ ಕೈಚೆಲ್ಲಿದರು. ಟಿವಿ ರಿಪೇರಿ ಮಾಡುವವನಿಗೆ ಟಿವಿ ಕಾಣದಿದ್ದರೆ ಇನ್ನೇನು ಉಳಿಯಿತು? ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ದರ್ಜಿ ಬಂದು ರಟ್ಟೆ ಹಿಡಿದು ಎಬ್ಬಿಸಿದ. ನನ್ನನ್ನು ನನ್ನದೇ ಅಂಗಡಿಯಲ್ಲಿ ಕೂರಿಸಿ, ಹಡಗಿನ ಧಾರಾವಾಹಿ ಹಾಕಿ, ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದ. ನಡುನಡುವೆ ದೃಶ್ಯವನ್ನೂ ಹೇಳುತ್ತಿದ್ದ, ಅಳತೆ ತೆಗೆದಷ್ಟೇ ಅಚ್ಚುಕಟ್ಟಾಗಿ. "ಎಡಕ್ಕೆ ಕ್ಯಾಪ್ಟನ್. ಬಲಕ್ಕೆ ಬಾಗಿಲು, ಕೆಂಪು. ಡಾಕ್ಟರ್ ಕೈ ಹಿಂದೆ ಕಟ್ಟಿಕೊಂಡಿದ್ದಾನೆ." ನನಗೆ ಎಲ್ಲವೂ ಕಾಣುತ್ತಿತ್ತು. ಅವನ ಕಣ್ಣು ನನಗೂ ಸೇರಿದ್ದು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಹಡಗಿನ ಇಂಜಿನ್ ಸಿಡಿಯಿತು. ಮೆಕ್ಯಾನಿಕ್‌ನ ಎರಡೂ ಕಣ್ಣು ಹೋದವು. ನಾನು ದರ್ಜಿಯ ಮುಂಗೈ ಹಿಡಿದುಕೊಂಡೆ. ಟಿವಿಯಿಂದ ಭಾರವಾದ ಸಂಗೀತ ಬರುತ್ತಿತ್ತು, ಯಾರೋ ನಿಧಾನವಾಗಿ ಮಾತಾಡುತ್ತಿದ್ದರು. ದರ್ಜಿ ಓದಲಿಲ್ಲ.

"ಏನಂತೆ? ಓದೋ."

"ಕ್ಯಾಪ್ಟನ್ ಹೇಳ್ತಿದ್ದಾನೆ," ಎಂದ. "ಈ ಹಡಗಿಗೆ ನಿನ್ನ ಕಣ್ಣಲ್ಲ ಬೇಕಾಗಿರೋದು, ನಿನ್ನ ಕಿವಿ. ಇಂಜಿನ್ ಬಿಟ್ಟು ಎಲ್ಲಿಗೂ ಹೋಗ್ಬೇಡ, ಅಂತ."

ನಾನು ಅತ್ತೆ. ನಾಚಿಕೆಯಿಲ್ಲದೆ, ಊಟದ ಡಬ್ಬಿ ಹಿಡಿದುಕೊಂಡೇ ಅತ್ತೆ. ಮರುದಿನವೇ ಒಂದು ಕೆಟ್ಟ ರೇಡಿಯೋ ಬಿಚ್ಚಿ ಮುಂದಿಟ್ಟುಕೊಂಡೆ. ಎಲ್ಲಿ ಗುಂಯ್‌ಗುಡುತ್ತದೆ, ಎಲ್ಲಿ ಬಿಸಿಯಾಗುತ್ತದೆ, ಎಲ್ಲಿ ಸುಟ್ಟ ವಾಸನೆ. ಬೆರಳು ಸುಟ್ಟುಕೊಂಡೆ, ವೈರು ಅದಲುಬದಲು ಮಾಡಿದೆ, ಗಿರಾಕಿಗಳಿಂದ ಬೈಸಿಕೊಂಡೆ. ಕೈ ಸೋತಾಗಲೆಲ್ಲ ಆ ಹೆಂಗಸನ್ನು ನೆನೆಯುತ್ತಿದ್ದೆ. ಅವಳು ಇಡೀ ಹಡಗನ್ನೇ ಓಡಿಸುತ್ತಾಳೆ, ನನ್ನ ಕೈಲಿ ಒಂದು ರೇಡಿಯೋ ಆಗುವುದಿಲ್ಲವೇ? ಆಯಿತು. ರೇಡಿಯೋ, ಸ್ಪೀಕರ್, ಮಿಕ್ಸಿ, ನಿಧಾನವಾಗಿ ಎಲ್ಲ ಕೈ ಸೇರಿದವು. ಮತ್ತೆ ಗಂಡಸಾಗಿ ಮನೆಗೆ ಹೋಗುವಂತಾಯಿತು.

ಆದರೆ ಆಮೇಲೆ ಅವಳ ದನಿ ಒಮ್ಮೆಯೂ ಕೇಳಲಿಲ್ಲ. ಕೇಳಿದಾಗ ದರ್ಜಿ, "ಹೊಗೆಗೆ ಗಂಟಲೂ ಹೋಗಿದೆ ಕಣೋ. ಈಗ ಪೈಪ್ ತಟ್ಟಿ ಮಾತಾಡ್ತಾಳೆ, ಕೇಳು" ಎಂದ. ಕಿವಿಗೊಟ್ಟೆ. ಹೌದು, ಟಕ್, ಟಕ್‌ಟಕ್. ಎಂಥ ನಟಿ ಎಂದುಕೊಂಡೆ.

ಭಾನುವಾರದ ಬಳಗಕ್ಕೆ ನನ್ನನ್ನೂ ಕರೆದುಕೊಂಡು ಹೋಗು ಎಂದರೆ ಮಾತ್ರ ಅವನಿಗೆ ನೂರು ನೆಪ. ಮೆಟ್ಟಿಲು ಕಡಿದು, ಜನ ಗಲಾಟೆ, ಸೆಖೆ. ಒಂದು ದಿನ ಅವನು ಗುಂಡಿ ತರಲು ಹೋದಾಗ ಕೋಟಿನ ಅಳತೆ ಕೊಡಲು ಬಂದ, ಬಳಗದವರೇ ಆದ ಶಾಲೆಯ ಗಣಿತದ ಮೇಡಂ ನನ್ನ ಅಂಗಡಿಯಲ್ಲಿ ಕಾದರು. ನಾನು ಮೆಕ್ಯಾನಿಕ್ ಅಭಿಮಾನಿ ಎಂದೆ.

"ಈಗ ಅವಳನ್ನ ಯಾರು ನೆನೆಸಿಕೊಳ್ತಾರೆ ಅಣ್ಣಾ? ಈ ಭಾನುವಾರ ಬನ್ನಿ, ಅವಳ ಬಗ್ಗೆ ನೀವೇ ಮಾತಾಡಿ. ನಾನು ಕರ್ಕೊಂಡು ಹೋಗ್ತೀನಿ."

ಆ ಭಾನುವಾರ ದರ್ಜಿ ಅಕ್ಕನ ಜೊತೆ ಯಾರದೋ ಮದುವೆಗೆ ಹೋಗಿದ್ದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಪ್ಲಾಸ್ಟಿಕ್ ಕುರ್ಚಿಗಳು, ಕೋಟುಗಳ ಸರಬರ ಸದ್ದು, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು. ಮಾತಾಡಿ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಕುರುಡಿ ಮೆಕ್ಯಾನಿಕ್ ಇಂಜಿನ್ನಿಗೆ ಕೆನ್ನೆಯಿಟ್ಟು ರೋಗ ಹಿಡಿದದ್ದು, ಪೈಪ್ ತಟ್ಟಿ ಕ್ಯಾಪ್ಟನ್‌ಗೆ ಬೈದದ್ದು, ಬಿರುಗಾಳಿಯ ದಿನ ಹಡಗನ್ನು ಕತ್ತಲಲ್ಲೇ ಉಳಿಸಿದ್ದು, ಎಲ್ಲ ಹೇಳಿದೆ. ಅವಳನ್ನು ಕಂಡು ನಾನು ಮತ್ತೆ ಸ್ಕ್ರೂಡ್ರೈವರ್ ಹಿಡಿದದ್ದನ್ನೂ ಹೇಳಿದೆ. ಮುಗಿಯುತ್ತಲೇ ಚಪ್ಪಾಳೆ. ಯಾರೋ ಬಂದು ನನ್ನ ಕೈ ಕುಲುಕಿದರು.

"ಸಖತ್ತಾಗಿ ಕಟ್ಟಿದ್ದೀರಿ ಅಣ್ಣಾ. ಅವಳು ಹಡಗಲ್ಲೇ ಉಳಿದಿದ್ರೆ ಹೀಗೇ ಇರ್ತಿತ್ತು."

"ಉಳಿದಿದ್ರೆ ಅಂದ್ರೆ?"

ಗಣಿತದ ಮೇಡಂ ಮೆಲ್ಲಗೆ ಬಿಡಿಸಿ ಹೇಳಿದರು. ಆ ಬಳಗದಲ್ಲಿ ಒಂದು ಪದ್ಧತಿಯಿದೆಯಂತೆ. ಧಾರಾವಾಹಿಯವರು ಯಾರಿಗಾದರೂ ಅನ್ಯಾಯ ಮಾಡಿದರೆ, ಅಭಿಮಾನಿಗಳು ತಾವೇ ಅವರಿಗೊಂದು ಒಳ್ಳೆಯ ಕಥೆ ಕಟ್ಟಿ ತಂದು ಹೇಳುತ್ತಾರೆ. ನಾನು ಹೇಳಿದ್ದೂ ಅಂಥದ್ದೇ ಎಂದು ಎಲ್ಲರೂ ತಿಳಿದಿದ್ದರು. ನಿಜವಾಗಿ ನಡೆದದ್ದು ಬೇರೆ. ಕಣ್ಣು ಹೋದ ಮೆಕ್ಯಾನಿಕ್ ಇನ್ನು ದಂಡ ಎಂದು ಹಡಗಿನವರು ಕೈಯೆತ್ತಿ ತೀರ್ಮಾನಿಸಿ, ಅವಳನ್ನು ಯಾವುದೋ ಧೂಳಿನ ನೆಲದ ಮೇಲೆ ಇಳಿಸಿ, ಪಕ್ಕದಲ್ಲಿ ಸ್ವಲ್ಪ ನೀರಿಟ್ಟು ಹೊರಟುಹೋದರು. ಆಮೇಲೆ ಯಾರೂ ಅವಳ ಸುದ್ದಿಯನ್ನೇ ಎತ್ತಲಿಲ್ಲ.

ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲೇ ಇತ್ತು. ಅಷ್ಟು ಜನರ ಮುಂದೆ, ನನ್ನ ಜೀವವನ್ನು ಹಿಡಿದು ನಿಲ್ಲಿಸಿದ್ದನ್ನೇ ಬಿಚ್ಚಿಟ್ಟಿದ್ದೆ. ಅದು ನನ್ನ ಗೆಳೆಯ ನನ್ನ ಕಿವಿಯ ಮೇಲಿಟ್ಟ ಹೂವಾಗಿತ್ತು. ಕಣ್ಣಿದ್ದವರ ಕಣ್ಣಿಗೆ ಮಣ್ಣೆರಚುವವರನ್ನು ಕಂಡಿದ್ದೇನೆ. ಕಣ್ಣೇ ಇಲ್ಲದವನಿಗೂ ಎರಚುತ್ತಾರೆಂದು ಗೊತ್ತಿರಲಿಲ್ಲ.

ಸೋಮವಾರ ಅವನ ಮಿಷನ್ನಿನ ಸದ್ದು ಹಿಡಿದು ಒಳಗೆ ಹೋದೆ.

"ಮೆಕ್ಯಾನಿಕ್ ಎಲ್ಲಿದ್ದಾಳೆ?" ಎಂದೆ.

ಮಿಷನ್ ನಿಂತಿತು. "ಯಾರು ಹೇಳಿದ್ರು?"

"ಹೇಳ್ಬೇಕಾಗಿದ್ದವನು ನೀನು. ಆ ಪೈಪ್ ತಟ್ಟೋ ಸದ್ದು ಎಲ್ಲಿಂದ ಬಂತು?"

"ಕತ್ತರಿ," ಎಂದ. "ಮೇಜಿನ ಕಾಲಿಗೆ ತಟ್ತಿದ್ದೆ."

ಆ ಕತ್ತರಿಯ ಮಾತು ಕೇಳಿದಾಗ ನನಗೆ ಆದಷ್ಟು ಅವಮಾನ ಚಪ್ಪಾಳೆಯಿಂದಲೂ ಆಗಿರಲಿಲ್ಲ. ಸುಳ್ಳು ಬಾಯಿಂದ ಜಾರಿದ್ದರೆ ಕ್ಷಮಿಸಬಹುದಿತ್ತು. ಇವನು ಕತ್ತರಿ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದ.

"ಆವತ್ತು ಇದ್ದಿದ್ದನ್ನ ಓದಿದ್ರೆ ನೀನು ಮನೆಗೆ ಹೋಗಿ ಮತ್ತೆ ಗೋಡೆ ಕಡೆ ಮುಖ ಹಾಕ್ತಿದ್ದೆ," ಎಂದ. "ಈಗ ಕೆಲಸ ಮಾಡ್ತಿದ್ದೀಯಲ್ಲ. ಅದೂ ಸುಳ್ಳಾ?"

"ಅದು ನನ್ನ ಪಾಡು. ಆ ಹೆಂಗಸನ್ನ ಧೂಳಲ್ಲಿ ಬಿಟ್ಟು ಹೋದ್ರಲ್ಲ, ಅವಳಿಗೋಸ್ಕರ ನಾನು ಅಳಬೇಕಾಗಿತ್ತು. ಅದನ್ನೂ ಕಿತ್ಕೊಂಡೆ. ನಾನು ನಿನ್ನ ಹತ್ರ ಕಣ್ಣು ಕೇಳಿದ್ದೆ, ಕರುಣೆ ಕೇಳಿರಲಿಲ್ಲ."

ಬಾಗಿಲವರೆಗೆ ಬಂದೆ. ಅಲ್ಲಿ ಇನ್ನೊಂದು ಯೋಚನೆ ಬಂತು. ಹೋದ ವರ್ಷ ನನ್ನ ಮಗಳ ಮದುವೆಯಾಯಿತು. ನನ್ನ ಕಣ್ಣು ಹೋಯಿತೆಂದು, ನಾನು ಗಟ್ಟಿಯಿರುವಾಗಲೇ ಆಗಲಿ ಎಂದು, ಅವಸರದಲ್ಲಿ ಮಾಡಿದ ಮದುವೆ. ಅವಳಿಗೆ ಇಷ್ಟವಿತ್ತೋ ಇಲ್ಲವೋ ಎಂಬ ಅಳುಕು ನನಗಿತ್ತು. ಅವಳ ಅಮ್ಮ ಕೆಲಸದಲ್ಲಿ ಮುಳುಗಿದ್ದಳು. ದಿನವಿಡೀ ನನ್ನ ಪಕ್ಕದಲ್ಲಿ ಕೂತು ಮಗಳ ಮುಖ ಹೇಗಿದೆಯೆಂದು ಹೇಳಿದವನು ಇವನೇ.

ತಿರುಗಿ ನಿಂತೆ. "ಮದುವೆ ದಿನ ನನ್ನ ಮಗಳು ನಗ್ತಿದ್ದಳಾ?"

"ನಗ್ತಿದ್ದಳು," ಎಂದ.

ನಾನು ಕಾದೆ.

"ನಿಜವಾಗ್ಲೂ ನಗ್ತಿದ್ದಳು ಕಣೋ."

ಮಗಳನ್ನೇ ಕೇಳಬಹುದು. ಆದರೆ ಕುರುಡ ಅಪ್ಪನಿಗೆ ಅವಳು ತಾನೇ ಇನ್ನೇನು ಹೇಳುತ್ತಾಳೆ? ದರ್ಜಿ ಹೇಳಿದ್ದು ನಿಜವೇ ಇರಬಹುದು. ಅದನ್ನು ಹೇಳುವಾಗ ಅವನ ಮುಖ ಹೇಗಿತ್ತು ಎಂದು ನೋಡಿ ನನಗೆ ಹೇಳಲು, ಆ ಅಂಗಡಿಯಲ್ಲಿ ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.